ಪೊಲೀಸ್ ಠಾಣೆಯಿಂದ ವಿಮಾನ ನಿಲ್ದಾಣದವರೆಗೆ: ಆರೋಪಿ ಗಡಿ ದಾಟಿದಾಗ ಕಾನೂನು ಮಾಡುವುದೇನು?

ಹೊಳೆನರಸೀಪುರ: ಹಾಸನ ಜಿಲ್ಲೆಗೆ ಸಮುದ್ರವಿಲ್ಲ, ನೆರೆ ದೇಶದ ಬೇಲಿಯೂ ಇಲ್ಲ. ಆದರೂ ದೇಶದ ಗಡಿಯನ್ನು ಕಾಯುವ ವ್ಯವಸ್ಥೆಗೂ ಊರಿನ ಪೊಲೀಸ್ ಠಾಣೆಗೂ ಇರುವ ನಂಟು ಎಂಥದು ಎಂಬುದು 2024ರ ಬೇಸಿಗೆಯಲ್ಲಿ ಈ ಜಿಲ್ಲೆಯ ಜನರಿಗೆ ಮನವರಿಕೆಯಾಯಿತು.

ಹಾಸನ ಲೋಕಸಭಾ ಕ್ಷೇತ್ರದಲ್ಲಿ ಮತದಾನ ನಡೆದದ್ದು ಆ ವರ್ಷದ ಏಪ್ರಿಲ್ 26ರಂದು. ಮರುದಿನವೇ ಅಂದಿನ ಸಂಸದ ಪ್ರಜ್ವಲ್ ರೇವಣ್ಣ ರಾಜತಾಂತ್ರಿಕ ಪಾಸ್‌ಪೋರ್ಟ್ ಮೇಲೆ ಜರ್ಮನಿಗೆ ತೆರಳಿದರು. ಏಪ್ರಿಲ್ 28ರಂದು ಹೊಳೆನರಸೀಪುರ ನಗರ ಠಾಣೆಯಲ್ಲಿ ಅವರ ವಿರುದ್ಧ ಲೈಂಗಿಕ ದೌರ್ಜನ್ಯದ ದೂರು ದಾಖಲಾಯಿತು. ಅವರು ಬೆಂಗಳೂರಿಗೆ ಬಂದಿಳಿದು ಬಂಧನಕ್ಕೊಳಗಾದದ್ದು ಮೇ 31ರ ನಸುಕಿನಲ್ಲಿ. ನಡುವೆ ಕಳೆದದ್ದು 34 ದಿನ. ಅಷ್ಟು ಕಾಲ ಬೇಕಾದದ್ದೇಕೆ?

ಹಂಚಿಹೋದ ಅಧಿಕಾರ

ಸಂವಿಧಾನದ ಏಳನೇ ಅನುಸೂಚಿಯಂತೆ ಪೊಲೀಸ್ ವ್ಯವಸ್ಥೆ ರಾಜ್ಯ ಪಟ್ಟಿಗೆ ಸೇರಿದ್ದು. ಪಾಸ್‌ಪೋರ್ಟ್, ವೀಸಾ, ವಲಸೆ ಹಾಗೂ ಹಸ್ತಾಂತರ ಕೇಂದ್ರ ಪಟ್ಟಿಯಲ್ಲಿವೆ. ಅಂದರೆ ದೂರು ದಾಖಲಿಸಿಕೊಂಡು ತನಿಖೆ ನಡೆಸುವುದು ರಾಜ್ಯದ ಪೊಲೀಸರು. ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕನನ್ನು ತಡೆಯುವುದು ಕೇಂದ್ರ ಗೃಹ ಸಚಿವಾಲಯದ ವಲಸೆ ಬ್ಯೂರೊ. ಪಾಸ್‌ಪೋರ್ಟ್ ಹಿಂಪಡೆಯುವುದು ವಿದೇಶಾಂಗ ಸಚಿವಾಲಯ. ಇಂಟರ್‌ಪೋಲ್ ಜತೆ ವ್ಯವಹರಿಸುವುದು ಸಿಬಿಐ. ಈ ನಾಲ್ವರೂ ಒಂದೇ ದಿಕ್ಕಿನಲ್ಲಿ ಸಾಗಿದಾಗ ಮಾತ್ರ ಕೆಲಸ ಕೈಗೂಡುತ್ತದೆ.

ಮೊದಲ ಅಸ್ತ್ರ ಲುಕ್‌ಔಟ್ ಸುತ್ತೋಲೆ. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಅಥವಾ ಡಿಸಿಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಕೋರಿದರೆ ವಲಸೆ ಬ್ಯೂರೊ ಅದನ್ನು ಹೊರಡಿಸುತ್ತದೆ. ಆದರೆ ಆರೋಪಿ ದೇಶ ಬಿಟ್ಟ ಬಳಿಕ ಹೊರಡುವ ಸುತ್ತೋಲೆ ಅವನನ್ನು ತಡೆಯಲಾರದು; ಮರಳಿ ಬಂದಾಗ ಹಿಡಿಯಲು ನೆರವಾಗಬಹುದಷ್ಟೇ. ಹಾಸನದ ಪ್ರಕರಣದಲ್ಲಿ ಆದದ್ದೂ ಇದೇ. ದೂರು ದಾಖಲಾಗುವ ಮೊದಲೇ ವಿಮಾನ ಹಾರಿತ್ತು.

ಎರಡನೆಯದು ಇಂಟರ್‌ಪೋಲ್ ನೋಟಿಸ್. ರಾಜ್ಯದ ವಿಶೇಷ ತನಿಖಾ ತಂಡದ ಕೋರಿಕೆಯಂತೆ ಮೇ ಮೊದಲ ವಾರದಲ್ಲಿ ಸಿಬಿಐ ಮೂಲಕ ಬ್ಲೂ ಕಾರ್ನರ್ ನೋಟಿಸ್ ಹೊರಟಿತು. ಇದು ವ್ಯಕ್ತಿಯ ನೆಲೆ ಹಾಗೂ ಚಲನವಲನದ ಮಾಹಿತಿಯನ್ನು ಕೋರುವ ನೋಟಿಸ್. ಬಂಧಿಸುವ ಅಧಿಕಾರ ಇದರಿಂದ ಯಾರಿಗೂ ಒದಗುವುದಿಲ್ಲ.

ಮೂರನೆಯದು ಪಾಸ್‌ಪೋರ್ಟ್ ರದ್ದತಿ. ಮುಖ್ಯಮಂತ್ರಿ ಸಿದ್ದರಾಮಯ್ಯ ಮೇ 1ರಂದೇ ಪ್ರಧಾನಿಗೆ ಪತ್ರ ಬರೆದು ಇದನ್ನು ಕೋರಿದ್ದರು. ಅದಕ್ಕೆ ನ್ಯಾಯಾಲಯದ ಆದೇಶ ಬೇಕು ಎಂಬುದು ವಿದೇಶಾಂಗ ಸಚಿವಾಲಯದ ನಿಲುವಾಗಿತ್ತು. 1967ರ ಪಾಸ್‌ಪೋರ್ಟ್ ಕಾಯ್ದೆಯ 10(3) ಕಲಮಿನಂತೆ, ಬಂಧನ ವಾರಂಟ್ ಹೊರಟಿರುವುದು ಪಾಸ್‌ಪೋರ್ಟ್ ಹಿಂಪಡೆಯಲು ಸಾಕಾದ ಕಾರಣಗಳಲ್ಲೊಂದು. ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಮೇ 18ರಂದು ವಾರಂಟ್ ಹೊರಡಿಸಿತು. ಅದಾದ ಮೇಲಷ್ಟೇ ಸಚಿವಾಲಯ ಕಾರಣ ಕೇಳಿ ನೋಟಿಸ್ ನೀಡಿತು. ಆ ಪ್ರಕ್ರಿಯೆ ಮುಗಿಯುವ ಮುನ್ನವೇ ಆರೋಪಿ ಹಿಂದಿರುಗಿದರು.

ಬಳಿಕ ಬದಲಾದದ್ದೇನು?

2025ರ ಜನವರಿ 7ರಂದು ಸಿಬಿಐನ 'ಭಾರತ್‌ಪೋಲ್' ಜಾಲತಾಣಕ್ಕೆ ಚಾಲನೆ ದೊರೆಯಿತು. ಅದುವರೆಗೆ ಇಂಟರ್‌ಪೋಲ್ ನೆರವಿನ ಕೋರಿಕೆಗಳು ಪತ್ರ, ಇ-ಮೇಲ್ ಹಾಗೂ ಫ್ಯಾಕ್ಸ್ ಮೂಲಕ ಸಾಗುತ್ತಿದ್ದವು. ಈಗ ರಾಜ್ಯಗಳ ಪೊಲೀಸರು ಈ ಜಾಲತಾಣದ ಮೂಲಕವೇ ಸಿಬಿಐಗೆ ಕೋರಿಕೆ ಸಲ್ಲಿಸಬಹುದು.

ಅದೇ ವರ್ಷ ಸಂಸತ್ತು 'ವಲಸೆ ಮತ್ತು ವಿದೇಶಿಯರ ಕಾಯ್ದೆ'ಯನ್ನು ಅಂಗೀಕರಿಸಿತು. 1920, 1939, 1946 ಮತ್ತು 2000ನೇ ಇಸವಿಯ ನಾಲ್ಕು ಕಾಯ್ದೆಗಳನ್ನು ತೆರವುಗೊಳಿಸಿ, ಸೆಪ್ಟೆಂಬರ್ 1ರಿಂದ ಇದು ಜಾರಿಗೆ ಬಂದಿತು. ದೇಶದೊಳಗಿನ ಪ್ರವೇಶವಷ್ಟೇ ಅಲ್ಲದೆ ನಿರ್ಗಮನವನ್ನೂ ನಿಯಂತ್ರಿಸುವ ವಲಸೆ ಬ್ಯೂರೊಗೆ ಈ ಕಾಯ್ದೆಯಲ್ಲಿ ಶಾಸನಬದ್ಧ ನೆಲೆ ದೊರೆತಿದೆ.

ಹಾಗೆಂದು ಯಾರನ್ನಾದರೂ ಗಡಿಯಲ್ಲಿ ತಡೆದು ನಿಲ್ಲಿಸಲಾಗದು. ವಿದೇಶ ಪ್ರಯಾಣವೂ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು ಮೇನಕಾ ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿದೆ. ಸಾರ್ವಜನಿಕ ವಲಯದ ಬ್ಯಾಂಕುಗಳಿಗೆ ಲುಕ್‌ಔಟ್ ಸುತ್ತೋಲೆ ಕೋರಲು ನೀಡಿದ್ದ ಅಧಿಕಾರವನ್ನು ಬಾಂಬೆ ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ ರದ್ದುಪಡಿಸಿತು. ಸಾಲಗಾರನಿಗೆ ರಕ್ಷಣೆಯಾಗುವ ಈ ಎಚ್ಚರವೇ ಪ್ರಭಾವಿ ಆರೋಪಿಗೆ ಕಾಲಾವಕಾಶವೂ ಆದೀತು ಎಂಬುದು ಇಲ್ಲಿನ ಇಕ್ಕಟ್ಟು.

ಪ್ರಜ್ವಲ್ ವಿರುದ್ಧದ ಮತ್ತೊಂದು ಪ್ರಕರಣದಲ್ಲಿ 2025ರ ಆಗಸ್ಟ್ 2ರಂದು ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ತೀರ್ಪಿನ ವಿರುದ್ಧ ಅವರು ಹೈಕೋರ್ಟ್ ಮೆಟ್ಟಿಲೇರಿದ್ದಾರೆ.

ಹೊಸ ಕಾಯ್ದೆ, ಹೊಸ ಜಾಲತಾಣಗಳು ಕಚೇರಿಗಳ ನಡುವಿನ ದೂರವನ್ನು ತಗ್ಗಿಸಬಲ್ಲವು. ಆದರೆ ಸುತ್ತೋಲೆಯಾಗಲಿ, ವಾರಂಟ್ ಆಗಲಿ ಹುಟ್ಟುವುದು ದೂರಿನಿಂದ. ದೂರು ಹೊತ್ತ ಮಹಿಳೆ ಅಂಜಿಕೆಯಿಲ್ಲದೆ ಠಾಣೆಯ ಮೆಟ್ಟಿಲು ಹತ್ತುವಂತಾದರೆ, ಹತ್ತಿದ ದಿನವೇ ಅದು ದಾಖಲಾದರೆ, ವಿಮಾನ ಹಾರುವ ಮುನ್ನವೇ ಕಾನೂನು ನಿಲ್ದಾಣ ತಲುಪೀತು.