ನೆರೆಯಲ್ಲಿ ನಾಯಿ, ಬೆಕ್ಕು: ನಂಬಿಕೆ ಮತ್ತು ವಾಸ್ತವ

ನಾಯಿಗೆ ಈಜು ಹುಟ್ಟಿನಿಂದಲೇ ಬರುತ್ತದೆ, ಬೆಕ್ಕು ಹೇಗೋ ಅಟ್ಟ ಹತ್ತಿ ಬದುಕಿಕೊಳ್ಳುತ್ತದೆ ಎಂಬುದು ನೆರೆಯ ಬಗ್ಗೆ ಇರುವ ಹಳೆಯ ನಂಬಿಕೆ. ನಾಯಿ ಈಜುವುದು ನಿಜ, ಆದರೆ ಸರಪಳಿ ಬಿಗಿದ ನಾಯಿ ಈಜಲಾರದು. ನೆರೆಯ ನೀರಿಗೆ ಸೆಳೆತವಿದೆ. ಅದರಡಿ ಮುಳ್ಳುತಂತಿ, ಮೇಲೆ ತೇಲಿಬರುವ ದಿಮ್ಮಿ, ಕೆಲವೆಡೆ ಕಡಿದುಬಿದ್ದ ಕರೆಂಟ್ ತಂತಿ ಇರುತ್ತವೆ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ತಳಿಗಳು ನೀರಿನಲ್ಲಿ ಬೇಗ ಸೋಲುತ್ತವೆ. ಹಾಗಾಗಿ ಸಾಕಿದ್ದನ್ನು ಜೊತೆಗೇ ಕರೆದೊಯ್ಯಬೇಕು. ಅದು ಸಾಧ್ಯವೇ ಇಲ್ಲವೆಂದಾದರೆ ಹಗ್ಗವನ್ನಾದರೂ ಬಿಚ್ಚಿಬಿಡಬೇಕು. ಕೊಟ್ಟಿಗೆಯ ದನಕರುಗಳಿಗೂ ಇದೇ ಮಾತು.

ಮನುಷ್ಯರ ಜೀವ ಮೊದಲು, ಪ್ರಾಣಿಯದು ಆಮೇಲೆ ಎಂಬ ಮಾತು ವಿವೇಕದ್ದೆನಿಸುತ್ತದೆ. ಆದರೆ ಇವೆರಡನ್ನು ಬೇರ್ಪಡಿಸುವುದು ಸುಲಭವಲ್ಲ. 2005ರಲ್ಲಿ ಅಮೆರಿಕದಲ್ಲಿ ಕತ್ರಿನಾ ಚಂಡಮಾರುತ ಬೀಸಿದಾಗ, ಸಾಕುಪ್ರಾಣಿಗಳನ್ನು ಬಿಟ್ಟು ಬರಲೊಪ್ಪದೆ ಮನೆಯಲ್ಲೇ ಉಳಿದವರು ಅನೇಕರು. ರಾಜ್ಯಗಳ ತುರ್ತು ಯೋಜನೆಗಳಲ್ಲಿ ಸಾಕುಪ್ರಾಣಿಗಳೂ ಸೇರಬೇಕೆಂಬ ಕಾನೂನು ಅಲ್ಲಿ 2006ರಲ್ಲಿ ಬಂತು. ಕರ್ನಾಟಕದಲ್ಲಿ ನೆರೆ ಸಂತ್ರಸ್ತರಿಗೆ ಕಾಳಜಿ ಕೇಂದ್ರ ತೆರೆಯುವುದು ಹೆಚ್ಚಾಗಿ ಶಾಲೆ, ಕಲ್ಯಾಣ ಮಂಟಪಗಳಲ್ಲಿ. ಅಲ್ಲಿ ನಾಯಿಗೆ ಜಾಗ ಸಿಕ್ಕೇ ಸಿಗುತ್ತದೆಂದು ನೆಚ್ಚಿಕೊಳ್ಳುವುದಕ್ಕಿಂತ, ಎತ್ತರದ ಜಾಗದಲ್ಲಿರುವ ನೆಂಟರ ಮನೆಯೊಂದನ್ನು ಮೊದಲೇ ಮಾತಾಡಿಟ್ಟುಕೊಳ್ಳುವುದು ಒಳ್ಳೆಯದು.

ಹೊರಡುವಾಗ ಬೆಕ್ಕನ್ನು ಎತ್ತಿಕೊಂಡರಾಯಿತು ಎನ್ನುವವರು ಬೆಕ್ಕನ್ನು ಸರಿಯಾಗಿ ಕಂಡವರಲ್ಲ. ಗದ್ದಲ ಕೇಳಿದರೆ ಅದು ಮಂಚದಡಿ ಸೇರುತ್ತದೆ, ಎಳೆದರೆ ಪರಚುತ್ತದೆ. ಒಯ್ಯುವ ಬುಟ್ಟಿಯನ್ನು ವಾರಗಳ ಮೊದಲೇ ಮನೆಯಲ್ಲಿ ತೆರೆದಿಟ್ಟು, ಅದರೊಳಗೇ ಊಟ ಹಾಕಿ ರೂಢಿ ಮಾಡಿಸಬೇಕು. ಜೊತೆಗೆ ಕೆಲವು ದಿನಗಳ ಆಹಾರ, ನೀರು, ಔಷಧಿ, ರೇಬಿಸ್ ಲಸಿಕೆಯ ಚೀಟಿ, ಸಾಕಿದವರೊಂದಿಗಿನ ಒಂದು ಫೋಟೊ ಸಿದ್ಧವಿರಬೇಕು. ಹತ್ತು ಕಿಲೊ ತೂಕದ ನಾಯಿಗೆ ದಿನಕ್ಕೆ ಸುಮಾರು ಅರ್ಧ ಲೀಟರ್ ನೀರು ಬೇಕು, ಸೆಕೆಯಲ್ಲಿ ಇನ್ನೂ ಹೆಚ್ಚು.

ಮೈಕ್ರೊಚಿಪ್ ಹಾಕಿಸಿದರೆ ಕಳೆದುಹೋದ ನಾಯಿ ಎಲ್ಲಿದೆಯೆಂದು ಮೊಬೈಲ್‌ನಲ್ಲಿ ಕಾಣುತ್ತದೆ ಎಂಬುದೂ ತಪ್ಪು. ಚಿಪ್‌ನಲ್ಲಿರುವುದು ಒಂದು ಸಂಖ್ಯೆ ಮಾತ್ರ, ಅದನ್ನು ಓದಲು ಸ್ಕ್ಯಾನರ್ ಬೇಕು. ಕೊರಳಪಟ್ಟಿಯ ಮೇಲೆ ಬರೆದ ಫೋನ್ ನಂಬರನ್ನಾದರೆ ಯಾರು ಬೇಕಾದರೂ ಓದಬಹುದು.

ಪ್ರಾಣಿಗೆ ಹುಷಾರಿಲ್ಲವೆಂದು ಮನೆಮಂದಿಯ ಮಾತ್ರೆಯನ್ನೇ ಮುರಿದು ಕೊಡುವ ರೂಢಿಯೂ ಅಪಾಯದ್ದು: ಪ್ಯಾರಾಸಿಟಮಾಲ್ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ನೀರು ಇಳಿದ ಮೇಲೆ ಅಪಾಯ ಮುಗಿಯಿತೆಂದಲ್ಲ. ನಿಂತ ಕೆಸರಿನಿಂದ ನಾಯಿಗಳಿಗೆ ಇಲಿ ಜ್ವರ ಬರುತ್ತದೆ, ಅವುಗಳ ಮೂತ್ರದಿಂದ ಮನೆಮಂದಿಗೂ ತಗಲಬಹುದು. ನಾಯಿಗಳಿಗೆ ಇದರ ಲಸಿಕೆಯಿದೆ. ಮೊದಲ ಸಲ ಎರಡರಿಂದ ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸ್ ಬೇಕಾಗುವುದರಿಂದ, ಜೂನ್‌ನ ಮಳೆಗೆ ಏಪ್ರಿಲ್‌ನಲ್ಲೇ ಶುರು ಮಾಡಬೇಕಾಗುತ್ತದೆ.