ಮುನ್ನೂರು ಗ್ರಾಂ ರುಚಿ

ಬಾತುಕೋಳಿಯ ಯಕೃತ್ತು ಕನಿಷ್ಠ 300 ಗ್ರಾಂ ತೂಗಬೇಕು, ಹೆಬ್ಬಾತಿನದಾದರೆ 400. ಅದಕ್ಕಿಂತ ಕಡಿಮೆಯಿದ್ದರೆ ಯುರೋಪಿಯನ್ ಒಕ್ಕೂಟದ ನಿಯಮದಂತೆ ಅದು ‘ಫ್ವಾ ಗ್ರಾ’ ಅಲ್ಲ. ತನ್ನ ಪಾಡಿಗೆ ಮೇಯುವ ಬಾತಿನ ಯಕೃತ್ತು ನೂರು ಗ್ರಾಂ ಮುಟ್ಟುವುದೇ ಅಪರೂಪ. ಉಳಿದ ತೂಕ ಎಲ್ಲಿಂದ ಬರಬೇಕು? ಕ್ರಿಸ್‌ಮಸ್ ಊಟದಲ್ಲಿ ಫ್ರೆಂಚರು ಬ್ರೆಡ್ಡಿನ ಮೇಲಿಟ್ಟು ಸವಿಯುವ ಈ ಖಾದ್ಯದ ಸುತ್ತಲಿನ ಜಗಳವೆಲ್ಲ ಹುಟ್ಟುವುದು ಇಲ್ಲಿಂದಲೇ.

ಆ ತೂಕ ಬರುವುದು ‘ಗವಾಜ್’ನಿಂದ, ಅಂದರೆ ಬಲವಂತದ ತಿನ್ನಿಸುವಿಕೆಯಿಂದ. ನೈಋತ್ಯ ಫ್ರಾನ್ಸಿನ ಲಾಂಡ್, ಜೆರ್ಸ್ ಸೀಮೆಗಳ ಸಾಕಣೆದಾರರು ಬಯಲಲ್ಲಿ ಬೆಳೆಸಿದ ಬಾತುಗಳನ್ನು ಕೊನೆಯ ಹತ್ತು–ಹನ್ನೆರಡು ದಿನ ಒಳಗೆ ಕೂಡುತ್ತಾರೆ. ದಿನಕ್ಕೆರಡು ಸಲ ಕೊರಳೊಳಗೆ ಕೊಳವೆ ಇಳಿಸಿ ಮುಸುಕಿನ ಜೋಳ ತುಂಬುತ್ತಾರೆ. ಪಂಪ್ ಇದ್ದರೆ ಒಂದು ಹಕ್ಕಿಗೆ ಎರಡು–ಮೂರು ಸೆಕೆಂಡು ಸಾಕು. ಜೋಳದ ಪಿಷ್ಟ ಕೊಬ್ಬಾಗಿ ಯಕೃತ್ತಿನಲ್ಲಿ ಕೂಡಿಕೊಂಡು, ಅಂಗ ಆರರಿಂದ ಹತ್ತು ಪಟ್ಟು ಹಿಗ್ಗುತ್ತದೆ.

ಪಿರಮಿಡ್ಡಿನ ಕಾಲದ ಕಸುಬು

ಈಜಿಪ್ಟಿನ ಸಕ್ಕಾರದಲ್ಲಿ ನಾಲ್ಕು ಸಾವಿರ ವರ್ಷಕ್ಕೂ ಹಳೆಯ ಗೋರಿಗಳ ಗೋಡೆಯ ಮೇಲೆ, ಆಳುಗಳು ಹೆಬ್ಬಾತುಗಳ ಕುತ್ತಿಗೆ ಹಿಡಿದು ಉಂಡೆ ತಿನ್ನಿಸುವ ಉಬ್ಬುಚಿತ್ರಗಳಿವೆ. ರೋಮನ್ನರು ಅಂಜೂರ ತಿನ್ನಿಸಿ ಕೊಬ್ಬಿಸಿದರು. ಹಂದಿಯ ಕೊಬ್ಬು ನಿಷಿದ್ಧವಾಗಿದ್ದ ಯುರೋಪಿನ ಯಹೂದಿಗಳು ಅಡುಗೆಯ ಜಿಡ್ಡಿಗಾಗಿ ಹೆಬ್ಬಾತು ಸಾಕಿ ಈ ವಿದ್ಯೆಯನ್ನು ಉಳಿಸಿಕೊಂಡರು. ಅಮೆರಿಕದಿಂದ ಮುಸುಕಿನ ಜೋಳ ಬಂದ ಮೇಲೆ ಅದು ನೈಋತ್ಯ ಫ್ರಾನ್ಸಿನಲ್ಲಿ ಬೇರು ಬಿಟ್ಟಿತು.

ವಲಸೆ ಹಕ್ಕಿಗಳು ದೂರ ಹಾರುವ ಮುನ್ನ ಯಕೃತ್ತಿನಲ್ಲಿ ಕೊಬ್ಬು ಕೂಡಿಡುತ್ತವೆ, ನಾವು ಅದನ್ನೇ ಮುಂದುವರಿಸುತ್ತೇವೆ ಎಂಬುದು ಸಾಕಣೆದಾರರ ವಾದ. ಮಾತಿನಲ್ಲಿ ನಿಜಾಂಶವಿದೆ. ಆದರೆ ಇಂದು ಹೆಚ್ಚಾಗಿ ಬಳಸುವ ‘ಮುಲಾರ್’ ತಳಿ ಮಸ್ಕೋವಿ ಗಂಡು ಮತ್ತು ಪೆಕಿನ್ ಹೆಣ್ಣಿನ ಮಿಶ್ರಸಂತಾನ. ಮಸ್ಕೋವಿ ವಲಸೆ ಹೋಗುವ ಹಕ್ಕಿಯೇ ಅಲ್ಲ. ಯುರೋಪಿಯನ್ ಒಕ್ಕೂಟದ ವಿಜ್ಞಾನಿಗಳ ಸಮಿತಿ 1998ರಲ್ಲೇ, ಈಗಿನ ರೀತಿಯ ಗವಾಜ್ ಹಕ್ಕಿಗಳ ಕ್ಷೇಮಕ್ಕೆ ಮಾರಕ ಎಂದು ವರದಿ ಕೊಟ್ಟಿತ್ತು.

ಒಂದೊಂದು ನಾಡು, ಒಂದೊಂದು ನ್ಯಾಯ

ಪ್ರಮುಖ ಉತ್ಪಾದಕ ದೇಶವಾಗಿದ್ದ ಇಸ್ರೇಲ್‌ನಲ್ಲಿ 2003ರಲ್ಲಿ ಸುಪ್ರೀಂ ಕೋರ್ಟ್ ಗವಾಜ್ ವಿರುದ್ಧ ತೀರ್ಪಿತ್ತಿತು. ಷಿಕಾಗೊ 2006ರಲ್ಲಿ ಮಾರಾಟ ನಿಷೇಧಿಸಿ, 2008ರಲ್ಲಿ ಹಿಂದೆ ಸರಿಯಿತು. ಕ್ಯಾಲಿಫೋರ್ನಿಯಾದ ನಿಷೇಧ 2012ರಲ್ಲಿ ಜಾರಿಗೆ ಬಂತು. 2014ರಲ್ಲಿ ಭಾರತ ಆಮದನ್ನೇ ನಿಲ್ಲಿಸಿತು. ಇಲ್ಲಿ ಅದು ಶ್ರೀಮಂತ ಹೋಟೆಲುಗಳ ಖಾದ್ಯವಷ್ಟೆ, ನಿಷೇಧದಿಂದ ಬೀದಿಗೆ ಬೀಳುವ ರೈತರಿರಲಿಲ್ಲ.

ಫ್ರಾನ್ಸಿನ ದಾರಿಯೇ ಬೇರೆ. 2006ರ ಕಾನೂನು ಫ್ವಾ ಗ್ರಾವನ್ನು ಸಂರಕ್ಷಿತ ಸಾಂಸ್ಕೃತಿಕ ಪರಂಪರೆ ಎಂದು ಸಾರಿತು. ಅಷ್ಟಕ್ಕೇ ನಿಲ್ಲದೆ, ಗವಾಜ್‌ನಿಂದ ಕೊಬ್ಬಿಸಿದ ಯಕೃತ್ತೇ ಫ್ವಾ ಗ್ರಾ ಎಂದು ವ್ಯಾಖ್ಯಾನಿಸಿತು. ತಿನಿಸನ್ನು ಮಾತ್ರವಲ್ಲ, ಕೊಳವೆಯನ್ನೂ ಪರಂಪರೆಗೆ ಸೇರಿಸಿದಂತಾಯಿತು.

ಅದೇ 2006ರಲ್ಲಿ ಪ್ಯಾರಿಸ್ಸಿನ ಆಹಾರ ಮೇಳವೊಂದು ಸ್ಪೇನಿನ ಎಡ್ವಾರ್ಡೊ ಸೋಸಾ ಅವರನ್ನು ಪುರಸ್ಕರಿಸಿತು. ಅವರ ಹೆಬ್ಬಾತುಗಳು ಓಕ್ ಬೀಜ, ಆಲಿವ್ ಆಯ್ದು ತಿಂದು, ಚಳಿಗಾಲ ಬರುವ ಹೊತ್ತಿಗೆ ತಾವಾಗಿಯೇ ಕೊಬ್ಬುತ್ತವೆ. ಮೇಳ ಮೆಚ್ಚಿದ ಆ ಯಕೃತ್ತಿಗೆ ಫ್ರೆಂಚ್ ಕಾನೂನಿನ ವ್ಯಾಖ್ಯಾನದಲ್ಲಿ ಜಾಗವಿಲ್ಲ. ಸೋಸಾ ದಾರಿಯಲ್ಲಿ ಫಸಲು ವರ್ಷಕ್ಕೊಂದೇ, ಅದೂ ಕೊಂಚ, ಬೆಲೆಯೂ ದುಬಾರಿ. ಸಾಮಾನ್ಯರ ಹಬ್ಬದೂಟಕ್ಕೂ ಎಟಕುವ ಬೆಲೆ ಬೇಕೋ, ಹಕ್ಕಿಯ ಕೊರಳು ಉಳಿಯಬೇಕೋ? ಫ್ರಾನ್ಸ್ ಮೊದಲನೆಯದನ್ನು ಆರಿಸಿಕೊಂಡು, ಅದಕ್ಕೆ ಪರಂಪರೆಯ ಮುದ್ರೆ ಒತ್ತಿದೆ.