ಮರೆತ ಪಾಸ್‌ವರ್ಡ್, ಮುಚ್ಚಿದ ಕಂಪ್ಯೂಟರ್

ಕಾಪು ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ನನ್ನ ದೊಡ್ಡಪ್ಪನ ಮಗ ತೀರಿಕೊಂಡ ಕೆಲವು ವಾರಗಳ ಅನಂತರ ಅತ್ತಿಗೆಯವರಿಂದ ಫೋನ್ ಬಂತು. ಗಿರಾಕಿಗಳ ಸಾಲದ ಲೆಕ್ಕ, ಸಗಟು ವ್ಯಾಪಾರಿಗಳಿಗೆ ಕೊಡಬೇಕಾದ ಬಾಕಿ, ಮಗಳ ಮದುವೆಯ ಚಿತ್ರಗಳು, ಎಲ್ಲವೂ ಅಣ್ಣನ ಕಂಪ್ಯೂಟರಿನಲ್ಲಿದ್ದವು. ಅದನ್ನು ತೆರೆಯುವ ಪಾಸ್‌ವರ್ಡ್ ಅವನೊಬ್ಬನಿಗೇ ಗೊತ್ತಿತ್ತು. "ಫಾರ್ಮ್ಯಾಟ್ ಮಾಡಿದರೆ ಸರಿಯಾಗುತ್ತದೆ, ಅರ್ಧ ಗಂಟೆಯ ಕೆಲಸ" ಎಂದು ದುರಸ್ತಿಯವರೊಬ್ಬರು ಹೇಳಿದ್ದರಂತೆ. ಫಾರ್ಮ್ಯಾಟ್ ಮಾಡುವುದೆಂದರೆ ಮನೆಯ ಬೀಗದ ಕೈ ಕಳೆದುಹೋಯಿತೆಂದು ಮನೆಯನ್ನೇ ಕೆಡವಿ ಹೊಸದಾಗಿ ಕಟ್ಟಿದ ಹಾಗೆ. "ನಾನು ಬರುವವರೆಗೆ ಯಾರೂ ಅದನ್ನು ಮುಟ್ಟುವುದು ಬೇಡ" ಎಂದು ಹೇಳಿದೆ.

ಪಾಸ್‌ವರ್ಡ್ ಮರೆತುಹೋದರೆ ಕಂಪ್ಯೂಟರನ್ನು ಮತ್ತೆ ತೆರೆಯಲು ಸಾಧ್ಯವೇ? ಬಹಳಷ್ಟು ಸಂದರ್ಭಗಳಲ್ಲಿ ಸಾಧ್ಯ. ಆದರೆ ಅದು ಹೇಗೆ ಎಂಬುದನ್ನು ತಿಳಿಯಲು ಪಾಸ್‌ವರ್ಡ್ ಒಳಗೆ ಹೇಗೆ ಕೂತಿರುತ್ತದೆ ಎಂಬುದನ್ನು ಮೊದಲು ನೋಡಬೇಕು.

ಕಂಪ್ಯೂಟರಿಗೆ ಪಾಸ್‌ವರ್ಡ್ ಕೊಡುವ ಪದ್ಧತಿ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ 1960ರ ದಶಕದ ಆರಂಭದಲ್ಲಿ ಬಳಕೆಗೆ ಬಂತು. ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ರೂಪಿಸಿದ ವ್ಯವಸ್ಥೆಯಲ್ಲಿ ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುತ್ತಿದ್ದರು. ಆಗ ಪಾಸ್‌ವರ್ಡ್‌ಗಳನ್ನು ಇದ್ದದ್ದು ಇದ್ದ ಹಾಗೆಯೇ ಒಂದು ಕಡತದಲ್ಲಿ ಬರೆದಿಡುತ್ತಿದ್ದರು. ತನಗೆ ಸಿಕ್ಕ ಸಮಯ ಸಾಲದೆಂದು 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧಕ ಆ ಕಡತವನ್ನೇ ಅಚ್ಚುಹಾಕಿಸಿಕೊಂಡು ಇತರರ ಪಾಲಿನ ಸಮಯವನ್ನು ಬಳಸಿದ. ಪಾಸ್‌ವರ್ಡನ್ನು ಹಾಗೆಯೇ ಬರೆದಿಡಬಾರದು ಎಂಬ ಪಾಠ ಕ್ರಮೇಣ ಎಲ್ಲರಿಗೂ ಮನವರಿಕೆಯಾಯಿತು.

ಇಂದಿನ ಕಂಪ್ಯೂಟರ್ ಪಾಸ್‌ವರ್ಡನ್ನು ಒಂದು ಗಣಿತ ಸೂತ್ರದಲ್ಲಿ ಹಾಕಿ ಅರೆದು, ಬಂದ ಫಲವನ್ನಷ್ಟೇ ಇಟ್ಟುಕೊಳ್ಳುತ್ತದೆ. ಇದಕ್ಕೆ ಹ್ಯಾಶ್ ಎಂದು ಹೆಸರು. ಅಕ್ಕಿಯನ್ನು ಅರೆದರೆ ಹಿಟ್ಟು ಬರುತ್ತದೆ. ಹಿಟ್ಟಿನಿಂದ ಮತ್ತೆ ಅಕ್ಕಿ ಬಾರದು. ನೀವು ಪಾಸ್‌ವರ್ಡ್ ಒತ್ತಿದಾಗ ಕಂಪ್ಯೂಟರ್ ಅದನ್ನೂ ಹಾಗೆಯೇ ಅರೆದು, ತನ್ನಲ್ಲಿರುವ ಹಿಟ್ಟಿನೊಂದಿಗೆ ಹೋಲಿಸುತ್ತದೆ. ಎರಡೂ ಒಂದೇ ಆದರೆ ಬಾಗಿಲು ತೆರೆಯುತ್ತದೆ. ಆದ್ದರಿಂದ ಮರೆತ ಪಾಸ್‌ವರ್ಡನ್ನು ಕಂಪ್ಯೂಟರಿನಿಂದ ಓದಿ ತೆಗೆಯಲು ಹೊರಡುವುದು ಸಾಮಾನ್ಯವಾಗಿ ವ್ಯರ್ಥ. ಹಳೆಯ ಹಿಟ್ಟನ್ನು ತೆಗೆದು ಹೊಸ ಪಾಸ್‌ವರ್ಡಿನ ಹಿಟ್ಟನ್ನು ಇಡುವುದೇ ಸರಿಯಾದ ದಾರಿ. ಹಾಗೆ ಬದಲಿಸುವ ಅಧಿಕಾರ ಯಾರಿಗಿದೆ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ.

ಈಗ ಕ್ರಮವಾಗಿ ನೋಡೋಣ. ಮೊದಲು ಕೀಲಿಮಣೆಯ ಕ್ಯಾಪ್ಸ್ ಲಾಕ್ ಒತ್ತಿಕೊಂಡಿದೆಯೇ, ಭಾಷೆ ಇಂಗ್ಲಿಷಿನಿಂದ ಕನ್ನಡಕ್ಕೆ ತಿರುಗಿದೆಯೇ ಎಂದು ಪರೀಕ್ಷಿಸಿ. ಮರೆತೆವೆಂದುಕೊಂಡ ಪಾಸ್‌ವರ್ಡ್ ನಿಜವಾಗಿ ತಪ್ಪಾಗಿ ಒತ್ತಿದ್ದು ಮಾತ್ರ ಆಗಿರಬಹುದು.

ಎರಡನೆಯದಾಗಿ ಖಾತೆ ಯಾವ ಬಗೆಯದೆಂದು ನೋಡಿ. ವಿಂಡೋಸ್ ಕಂಪ್ಯೂಟರಿನಲ್ಲಿ ಅದು ಮೈಕ್ರೋಸಾಫ್ಟ್ ಖಾತೆಯಾಗಿದ್ದರೆ, ಬೇರೊಂದು ಕಂಪ್ಯೂಟರಿನಿಂದ ಅಥವಾ ಮೊಬೈಲಿನಿಂದ, ನೋಂದಾಯಿಸಿದ ಫೋನ್ ಸಂಖ್ಯೆ ಇಲ್ಲವೇ ಇ-ಮೇಲ್ ಮೂಲಕ ಹೊಸ ಪಾಸ್‌ವರ್ಡ್ ಪಡೆಯಬಹುದು. ಖಾತೆ ಆ ಕಂಪ್ಯೂಟರಿಗೆ ಮಾತ್ರ ಸೀಮಿತವಾಗಿದ್ದರೆ ಮೂರು ದಾರಿಗಳಿವೆ. ಮುಂಚಿತವಾಗಿ ಪೆನ್ ಡ್ರೈವಿನಲ್ಲಿ ಸಿದ್ಧಪಡಿಸಿಟ್ಟ ಪಾಸ್‌ವರ್ಡ್ ರೀಸೆಟ್ ಡಿಸ್ಕ್ ಒಂದು. ವಿಂಡೋಸ್ 10ರಲ್ಲಿ 2018ರಿಂದ ಬಂದ ಮೂರು ಭದ್ರತಾ ಪ್ರಶ್ನೆಗಳು ಇನ್ನೊಂದು. ಪಾಸ್‌ವರ್ಡ್ ಒಮ್ಮೆ ತಪ್ಪಿದರೆ ಅವುಗಳಿಗೆ ಹೋಗುವ ಸೂಚನೆ ತೆರೆಯ ಮೇಲೆ ಬರುತ್ತದೆ. ಮೂರನೆಯದು ಅದೇ ಕಂಪ್ಯೂಟರಿನಲ್ಲಿರುವ ಬೇರೊಬ್ಬರ ಅಡ್ಮಿನಿಸ್ಟ್ರೇಟರ್ ಖಾತೆ. ಅಡ್ಮಿನಿಸ್ಟ್ರೇಟರ್ ಎಂದರೆ ಮನೆಯ ಯಜಮಾನನಂತೆ. ಇತರರ ಬೀಗವನ್ನು ಬದಲಿಸುವ ಅಧಿಕಾರ ಅವನಿಗಿದೆ. ಆದರೆ ಹೀಗೆ ಬದಲಿಸಿದಾಗ ಆ ಬಳಕೆದಾರ ವಿಂಡೋಸ್‌ನಲ್ಲೇ ಗೂಢಲಿಪಿಗೆ ತಿರುಗಿಸಿಟ್ಟ ಕಡತಗಳು ಕೈತಪ್ಪಬಹುದು.

ಇವು ಯಾವುವೂ ಇಲ್ಲದಿದ್ದರೂ ಕಡತಗಳು ಹೋದವೆಂದು ತಿಳಿಯಬೇಕಾಗಿಲ್ಲ. ಪಾಸ್‌ವರ್ಡ್ ಹೊರಬಾಗಿಲಿನ ಬೀಗ ಮಾತ್ರ. ಒಳಗಿನ ಡಿಸ್ಕನ್ನು ಹೊರತೆಗೆದು ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಕಡತಗಳನ್ನು ನಕಲು ಮಾಡಿಕೊಳ್ಳಬಹುದು. ಫಾರ್ಮ್ಯಾಟ್ ಮಾಡುವುದಿದ್ದರೂ ಈ ನಕಲಿನ ಅನಂತರವೇ.

ಇದಕ್ಕೊಂದು ದೊಡ್ಡ ಅಪವಾದವುಂಟು. ಬಿಟ್‌ಲಾಕರ್‌ನಂಥ ವ್ಯವಸ್ಥೆ ಇದ್ದರೆ ಇಡೀ ಡಿಸ್ಕೇ ಗೂಢಲಿಪಿಯಲ್ಲಿರುತ್ತದೆ. ವಿಂಡೋಸ್ 11 ಇರುವ ಅನೇಕ ಹೊಸ ಕಂಪ್ಯೂಟರುಗಳಲ್ಲಿ ಇದು ತಾನಾಗಿಯೇ ಚಾಲೂ ಆಗಿರುತ್ತದೆ. ಅಂಥ ಡಿಸ್ಕನ್ನು ಬೇರೆಡೆ ಜೋಡಿಸಿದರೆ 48 ಅಂಕಿಗಳ ರಿಕವರಿ ಕೀ ಬೇಕೇ ಬೇಕು. ಅದು ಸಾಮಾನ್ಯವಾಗಿ ಒಡೆಯನ ಮೈಕ್ರೋಸಾಫ್ಟ್ ಖಾತೆಯಲ್ಲಿ ಅಥವಾ ಅವನು ಅಚ್ಚುಹಾಕಿಟ್ಟ ಕಾಗದದಲ್ಲಿರುತ್ತದೆ. ಅದೂ ಸಿಗದಿದ್ದರೆ ಯಾವ ತಜ್ಞನೂ ಏನೂ ಮಾಡಲಾರ. ಕಳ್ಳನಿಂದ ಕಾಪಾಡುವ ಬೀಗ ಒಡೆಯನನ್ನೂ ಹೊರಗೆ ನಿಲ್ಲಿಸಬಲ್ಲದು.

ಈ ವಿಧಾನಗಳೆಲ್ಲ ಕಂಪ್ಯೂಟರಿನ ಒಡೆಯರಿಗೆ ಅಥವಾ ಅವರ ಒಪ್ಪಿಗೆ ಪಡೆದವರಿಗೆ ಮಾತ್ರ. ಮತ್ತೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸಿದವರಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಂತೆ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಗಳವರೆಗೆ ದಂಡ ಇದೆ. ಕಂಪ್ಯೂಟರ್ ಯಾರದೆಂದು ದುರಸ್ತಿಯವರು ಕೇಳಿದರೆ ಬೇಸರಪಡಬಾರದು; ಕೇಳುವವರೇ ನಂಬಿಕಸ್ಥರು.

ಕಾಪುವಿನ ಮನೆಯಲ್ಲಿ ನಡೆದದ್ದಿಷ್ಟು. ಅದು ವಿಂಡೋಸ್ 10 ಕಂಪ್ಯೂಟರ್, ಅಲ್ಲಿಗೇ ಸೀಮಿತವಾದ ಖಾತೆ. ಮನೆಯವರೆಲ್ಲರ ಒಪ್ಪಿಗೆಯಿಂದ ಪ್ರಯತ್ನಿಸಿದೆವು. ಭದ್ರತಾ ಪ್ರಶ್ನೆಗಳು ಮೂರು: ಹುಟ್ಟಿದ ಊರು, ಮೊದಲು ಹೋದ ಶಾಲೆ, ಬಾಲ್ಯದಲ್ಲಿ ಕರೆಯುತ್ತಿದ್ದ ಹೆಸರು. ಶಾಲೆ ಅತ್ತಿಗೆಗೆ ಗೊತ್ತಿತ್ತು. ಬಾಲ್ಯದ ಹೆಸರನ್ನು ಮುಂಬಯಿಯಲ್ಲಿರುವ ದೊಡ್ಡಕ್ಕ ಫೋನಿನಲ್ಲಿ ಹೇಳಿದಳು. ಹೇಳುವಾಗ ಅವಳ ಗಂಟಲು ಕಟ್ಟಿತು. ಊರು ಕಾಪು ಎಂಬುದರಲ್ಲಿ ಸಂಶಯವೇ ಇರಲಿಲ್ಲ. ಆದರೂ ಬಾಗಿಲು ತೆರೆಯಲಿಲ್ಲ. ಆಗ ಅತ್ತಿಗೆ, "ಅವರು ಇಂಗ್ಲಿಷಿನಲ್ಲಿ ಬರೆಯುವಾಗ ಯಾವಾಗಲೂ ಹಳೆಯ ಹಾಗೆಯೇ ಬರೆಯುವುದು" ಎಂದರು. ಕೆ-ಎ-ಪಿ-ಯು ಬದಲು ಕೆ-ಎ-ಯು-ಪಿ ಎಂದು ಒತ್ತಿದಾಗ ಹೊಸ ಪಾಸ್‌ವರ್ಡ್ ಕೇಳುವ ತೆರೆ ಬಂತು. ಕಂಪ್ಯೂಟರಿಗೆ ಊರು ಗೊತ್ತಿಲ್ಲ, ಅಕ್ಷರಗಳಷ್ಟೇ ಗೊತ್ತು.

ಬಾಕಿಯ ಪಟ್ಟಿ ಸಿಕ್ಕಿತು, ಚಿತ್ರಗಳೂ ಸಿಕ್ಕಿದವು. ಎಲ್ಲರ ಅದೃಷ್ಟ ಹೀಗಿರುವುದಿಲ್ಲ. ಆದ್ದರಿಂದ ಇಂದೇ ನಾಲ್ಕು ಕೆಲಸ ಮಾಡಿ. ಮನೆಯ ನಂಬಿಕೆಯ ಇನ್ನೊಬ್ಬರ ಹೆಸರಿನಲ್ಲಿ ಎರಡನೆಯ ಅಡ್ಮಿನಿಸ್ಟ್ರೇಟರ್ ಖಾತೆ ತೆರೆಯಿರಿ. ಪಾಸ್‌ವರ್ಡ್ ಮತ್ತು ರಿಕವರಿ ಕೀಯನ್ನು ಕಾಗದದಲ್ಲಿ ಬರೆದು ಲಕೋಟೆಯಲ್ಲಿಟ್ಟು, ಬ್ಯಾಂಕಿನ ಪಾಸ್‌ಬುಕ್ ಇರುವ ಕಪಾಟಿನಲ್ಲಿ ಭದ್ರಪಡಿಸಿ. ಮುಖ್ಯ ಕಡತಗಳ ಒಂದು ನಕಲನ್ನು ಬೇರೆಡೆ ಇಡಿ. ಆ ಲಕೋಟೆ ಎಲ್ಲಿದೆ ಎಂಬುದನ್ನು ಮನೆಯ ಒಬ್ಬರಿಗಾದರೂ ತಿಳಿಸಿ.